ಕಳೆ ತುಂಬಿದ ಎರಡಡಿ ನೀರು, 30 ಪೌಂಡಿನ ಮೋಟರ್: ದೊಡ್ಡದು ತಗೊಳ್ಳಬೇಕಾ?

ಸಾಗರದವ

ನಮಸ್ಕಾರ. ಇಲ್ಲಿ ಗಾಳದ ಹುಚ್ಚು ಹತ್ತಿಸಿಕೊಂಡವರು ನಾಲ್ಕೈದು ಜನ ಇದ್ದೀರಿ ಅಂತ ಗೊತ್ತು, ಅದಕ್ಕೇ ಕೇಳ್ತಿದ್ದೇನೆ.

ನಾನಿರೋದು ಮಿನಿಯಾಪೊಲಿಸ್ ಪಕ್ಕ. ಹೋದ ವರ್ಷ ಹನ್ನೆರಡು ಅಡಿಯ, ಚಪ್ಪಟೆ ತಳದ ಅಲ್ಯೂಮಿನಿಯಂ ದೋಣಿ ಸೆಕೆಂಡ್‌ಹ್ಯಾಂಡ್‌ನಲ್ಲಿ ತಗೊಂಡೆ. ಅದರ ಹಿಂಬದಿಗೆ 30 ಪೌಂಡ್ ತಳ್ಳುಬಲದ ಪುಟ್ಟ ಎಲೆಕ್ಟ್ರಿಕ್ ಮೋಟರ್. ಟ್ರೋಲಿಂಗ್ ಮೋಟರ್ ಅಂತಾರಲ್ಲ, ಅದು. 12 ವೋಲ್ಟು, ಮುಂದಕ್ಕೆ ಐದು ಸ್ಪೀಡು, ಹಿಂದಕ್ಕೆ ಮೂರು. ಲೆಡ್ ಆ್ಯಸಿಡ್ ಬ್ಯಾಟರಿ, ಎತ್ತುವಾಗ ಸೊಂಟ ಬೀಳೋವಷ್ಟು ಭಾರ.

ಮೇ ತಿಂಗಳಲ್ಲಿ ಎಲ್ಲ ಚೆನ್ನಾಗಿತ್ತು. ಜುಲೈ ಬಂತು ನೋಡಿ, ಮಿನೆಟೊಂಕಾ ಕೆರೆಯ ಪಶ್ಚಿಮದ ಕಡೆಯ ಕೊಲ್ಲಿಯೊಂದರಲ್ಲಿ ನಾನು ಯಾವಾಗಲೂ ಹೋಗೋ ಜಾಗ ಹುಲ್ಲುಗಾವಲಾಗಿದೆ. ನೀರು ಎರಡಡಿ, ಕೆಲವು ಕಡೆ ಒಂದೂವರೆ. ಗರಿಯಂಥ ಎಲೆ, ದಾರದಂಥ ದಂಟಿನ ಒಂದು ಕಳೆ ತಳದಿಂದ ಮೇಲಿನವರೆಗೂ ಬಂದು, ಮೇಲೆ ಚಾಪೆ ಹಾಸಿದ ಹಾಗೆ ಮಲಗಿದೆ. ಹೋದ ಶನಿವಾರ ಅದರೊಳಗೆ ಇಪ್ಪತ್ತು ಅಡಿ ಹೋಗಿರಬಹುದು, ಮೋಟರ್ ಗುಂಯ್ ಅಂತ ಒಂದು ಥರ ದನಿ ಮಾಡಿ ನಿಧಾನ ಆಯ್ತು. ಸ್ಪೀಡ್ ಐದಕ್ಕೆ ಏರಿಸಿದೆ. ಇನ್ನೂ ನಿಧಾನ ಆಯ್ತು. ಎತ್ತಿ ನೋಡಿದರೆ ಪ್ರೊಪೆಲ್ಲರ್ ಕಾಣ್ತಿಲ್ಲ, ಅದರ ಜಾಗದಲ್ಲಿ ಹಸಿರು ತೆಂಗಿನಕಾಯಿ.

ಬಿಡಿಸಿದೆ, ಹತ್ತು ಅಡಿ ಹೋದೆ, ಮತ್ತೆ ಅದೇ. ಹೀಗೆ ಏಳು ಸಲ. ಎಂಟನೇ ಸಲಕ್ಕೆ ಬ್ಯಾಟರಿಯ ಕೆಂಪು ದೀಪ. ಅಪ್ಪ ಊರಿಂದ ಬಂದಿದ್ದಾರೆ, ದೋಣಿಯ ಮೂತೀಲಿ ಕೂತಿದ್ದರು. ಲಿಂಗನಮಕ್ಕಿ ಹಿನ್ನೀರಲ್ಲಿ, ಮರದ ಬೊಡ್ಡೆಗಳ ನಡುವೆ ಕತ್ತಲಲ್ಲೂ ತೆಪ್ಪ ನಡೆಸಿದ ಮನುಷ್ಯ. ಒಂದು ಮಾತೂ ಆಡದೆ ಹುಟ್ಟು ತಗೊಂಡು ಹೊರಗೆ ತಂದರು. ದಡಕ್ಕೆ ಬಂದಮೇಲೆ ಮಾತ್ರ, "ಇದಕ್ಕೆ ಎಷ್ಟು ಕೊಟ್ಟೆ?" ಅಂತ ಕೇಳಿದರು.

ಈಗ 55 ಪೌಂಡಿನದ್ದು ತಗೊಳ್ಳೋಣ ಅಂತಿದ್ದೇನೆ. ಅದು ಈ ಕಳೆಯನ್ನ ಕತ್ತರಿಸಿಕೊಂಡು ಹೋಗುತ್ತಾ? ಅಪ್ಪ ಆಗಸ್ಟ್ ಕೊನೆಗೆ ವಾಪಸ್ಸು, ಅಷ್ಟರೊಳಗೆ ಮರ್ಯಾದೆ ಉಳಿಸ್ಕೋಬೇಕು.

ಗಂಗೊಳ್ಳಿ_ಗಾಳ

ತಗೊಳ್ಬೇಡಿ ಮಾರಾಯ್ರೆ. ಆ ದುಡ್ಡಲ್ಲಿ ತಂದೆಯವರನ್ನು ಎಲ್ಲಾದರೂ ಸುತ್ತಾಡಿಸಿ.

ನಾನು ಫ್ಲಾರಿಡಾದ ಕಿಸಿಮಿ ಪಕ್ಕ ಇರುವವ. ಇಲ್ಲಿನ ಟೊಹೊ ಕೆರೆಯಲ್ಲಿ ಹನ್ನೆರಡು ವರ್ಷದಿಂದ ಇದೇ ಜಗಳ ಆಡುತ್ತಿದ್ದೇನೆ, ಕಳೆ ಮಾತ್ರ ಬೇರೆ. ನಮ್ಮದು ಹೈಡ್ರಿಲ್ಲಾ. ಅದು ನಮ್ಮ ದೇಶದ ಕೆರೆಗಳಲ್ಲೂ ಇರುವ ಸಸ್ಯವೇ. 1950ರ ದಶಕದಲ್ಲಿ ಮನೆಯ ಮೀನಿನ ತೊಟ್ಟಿಗೆ ಅಲಂಕಾರಕ್ಕೆ ಅಂತ ಇಲ್ಲಿಗೆ ತಂದರು, ಅದು ತೊಟ್ಟಿಯಿಂದ ಕೆರೆಗೆ ಬಿತ್ತು, ಈಗ ನನ್ನ ಮೋಟರಿನ ಫ್ಯಾನಿಗೆ, ಅಂದರೆ ಪ್ರೊಪೆಲ್ಲರಿಗೆ, ಸುತ್ತುತ್ತಿದೆ.

ನೀವು ಹೇಳಿದ್ದು ಬಹುಶಃ ಯುರೇಷಿಯನ್ ಮಿಲ್‌ಫಾಯಿಲ್. ಒಂದು ಎಲೆ ಕಿತ್ತು ನೋಡಿ: ನಡುದಂಟಿನ ಎರಡೂ ಕಡೆ ಎಳೆಗಳು ಹನ್ನೆರಡು ಜೋಡಿಗಿಂತ ಹೆಚ್ಚಿದ್ದರೆ ಅದೇ. ನಿಮ್ಮ ಕೆರೆಯಲ್ಲಿ ಅದು 1987ರಿಂದ ಇದೆ. ಕಡಿಮೆ ಇದ್ದರೆ ಅಲ್ಲಿನದೇ ಜಾತಿ, ಆ ಬಡಪಾಯಿಯನ್ನು ಬೈಯಬೇಡಿ.

ಈಗ ಬಲದ ಮಾತು. ನಮ್ಮೂರ ಬಂದರಿನಲ್ಲಿ ಹುಟ್ಟಿದವನಿಗೂ ಗೊತ್ತು, ಬೋಟಿನ ಫ್ಯಾನಿಗೆ ಬಲೆ ಸಿಕ್ಕಿದರೆ ಎಂಜಿನ್ ರೇಸ್ ಮಾಡಬಾರದು. ರೇಸ್ ಮಾಡಿದರೆ ಬಲೆ ಹರಿಯುವುದಿಲ್ಲ, ಬಿಗಿಯುತ್ತದೆ. ಆಮೇಲೆ ಬಾಯಲ್ಲಿ ಚೂರಿ ಕಚ್ಚಿಕೊಂಡು ಒಬ್ಬ ನೀರಿಗೆ ಇಳಿಯಬೇಕು. ಅಲ್ಲಿ ನೂರಾರು ಕುದುರೆಯ ಬಲದ ಎಂಜಿನ್ನಿಗೇ ಆಗದ್ದು, ಇಲ್ಲಿ 55 ಪೌಂಡಿಗೆ ಆಗುತ್ತದಾ? ಫ್ಯಾನು ತನ್ನ ಮುಂದಿನ ನೀರನ್ನು ಎಳೆದು ಹಿಂದಕ್ಕೆ ಎಸೆಯುತ್ತದೆ. ಆ ಎಳೆತಕ್ಕೆ ಉದ್ದ ಕಳೆ ತಾನಾಗಿ ಬಂದು ರಾಟೆಗೆ ನೂಲು ಸುತ್ತಿದ ಹಾಗೆ ಸುತ್ತುತ್ತದೆ. ಹೆಚ್ಚು ಬಲ ಅಂದರೆ ಹೆಚ್ಚು ಎಳೆತ, ಹೆಚ್ಚು ನೂಲು.

ಕತ್ತರಿಸಿಕೊಂಡು ಹೋಗುವುದು ಆದರೂ ಮಾಡಬಾರದು. ಮಿಲ್‌ಫಾಯಿಲ್‌ನ ಒಂದು ತುಂಡು ತೇಲಿಹೋಗಿ ಬೇರೆ ಕಡೆ ಬೇರು ಬಿಡುತ್ತದೆ. ನೀವು ಇವತ್ತು ಕೊಚ್ಚಿದ್ದು ಮುಂದಿನ ವರ್ಷ ನಿಮ್ಮದೇ ಇನ್ನೊಂದು ಜಾಗದಲ್ಲಿ ನಿಮ್ಮನ್ನೇ ಕಾಯುತ್ತಿರುತ್ತದೆ.

ಒಂದು ವಿಷಯ ನೀವು ಬರೆದಿಲ್ಲ. ದೋಣಿಯಲ್ಲಿ ಬ್ಯಾಟರಿ ಎಲ್ಲಿಟ್ಟಿದ್ದೀರಿ, ಮೋಟರ್ ಎಷ್ಟು ಆಳಕ್ಕೆ ಇಳಿಸಿದ್ದೀರಿ?

ಸಾಗರದವ

ಬ್ಯಾಟರಿ ಹಿಂದೆ, ಮೋಟರಿನ ಪಕ್ಕದಲ್ಲೇ. ವೈರ್ ಅಷ್ಟೇ ಉದ್ದ ಇರೋದು. ನಾನೂ ಹಿಂದೆ, ಹಿಡಿಕೆ ಹಿಡಿದು. ಮೋಟರ್ ಆಳ... ಅಂಗಡಿಯವನು ಹೇಗೆ ಕೂರಿಸಿ ಕೊಟ್ಟನೋ ಹಾಗೇ ಇದೆ. ಅದನ್ನ ಬದಲಾಯಿಸಬಹುದು ಅಂತ ಈಗ ನೀವು ಕೇಳಿದ ಮೇಲೆ ಹೋಗಿ ನೋಡಿದೆ. ಕಂಬಕ್ಕೆ ಒಂದು ಬಳೆ, ಅದಕ್ಕೊಂದು ತಿರುಪು. ಒಂದು ವರ್ಷದಿಂದ ಮುಟ್ಟೇ ಇಲ್ಲ.

ಗಂಗೊಳ್ಳಿ_ಗಾಳ

ಅಂದುಕೊಂಡೆ.

ನಿಮ್ಮ ತೂಕ, ಬ್ಯಾಟರಿ, ಮೋಟರ್ ಮೂರೂ ಹಿಂದೆ. ತಂದೆಯವರು ಮುಂದೆ ಕೂತರೂ ದೋಣಿಯ ಹಿಂಭಾಗ ತಗ್ಗಿ, ಮೂತಿ ಮೇಲೆದ್ದಿರುತ್ತದೆ. ಚಪ್ಪಟೆ ದೋಣಿ ಸಮವಾಗಿ ಕೂತರೆ ನಾಲ್ಕೈದು ಇಂಚು ನೀರಿದ್ದರೆ ಸಾಕು, ಹಿಂದೆ ಭಾರ ಹಾಕಿದರೆ ಅಲ್ಲಿ ಎಂಟಾಗುತ್ತದೆ. ಮೋಟರೂ ಅಷ್ಟೇ ಕೆಳಗೆ ಹೋಗುತ್ತದೆ, ಕಳೆಯ ಬುಡಕ್ಕೆ. ಬ್ಯಾಟರಿಯನ್ನು ಮುಂದಿನ ಸೀಟಿನ ಕೆಳಗೆ ದಾಟಿಸಿ. ವೈರಿನ ಮಾತು ಇಲ್ಲಿ ಬಲ್ಲವರು ಹೇಳುತ್ತಾರೆ, ನನಗೆ ಕರೆಂಟು ಅಂದರೆ ಹೆದರಿಕೆ.

ಆಮೇಲೆ ಆ ಬಳೆ ಸಡಿಲ ಮಾಡಿ ಕಂಬವನ್ನು ಮೇಲಕ್ಕೆ ಎಳೆಯಿರಿ. ಫ್ಯಾನಿನ ಅಗಲ ಹೆಚ್ಚುಕಡಿಮೆ ಒಂದು ಗೇಣು. ತೆರೆದ ನೀರಿನಲ್ಲಿ ಅದರ ಮೇಲೆ ಒಂದು ಗೇಣಿಗಿಂತ ಜಾಸ್ತಿಯೇ ನೀರಿರಬೇಕು. ಆದರೆ ಒಂದೂವರೆ ಅಡಿಯಲ್ಲಿ ಆ ಐಷಾರಾಮ ಇಲ್ಲ. ಫ್ಯಾನಿನ ಮೇಲ್ತುದಿಗೆ ನಾಲ್ಕು ಬೆರಳು ನೀರಿರುವ ಹಾಗೆ ಇಡಿ. ಅದಕ್ಕಿಂತ ಮೇಲೆ ತಂದರೆ ಗಾಳಿ ನುಂಗುತ್ತದೆ: ಬುಳುಬುಳು ಸದ್ದು, ನೊರೆ, ದೋಣಿ ಮಾತ್ರ ಇದ್ದಲ್ಲೇ. ಆ ಸದ್ದು ಬರುವ ತನಕ ಎತ್ತಿ, ಬಂದ ಮೇಲೆ ಒಂದಿಂಚು ಇಳಿಸಿ ತಿರುಪು ಬಿಗಿ ಮಾಡಿ. ಇದಕ್ಕಿಂತ ಒಳ್ಳೆಯ ಅಳತೆಪಟ್ಟಿ ಇಲ್ಲ.

ಸ್ಪೀಡು ಎರಡು, ಹೆಚ್ಚೆಂದರೆ ಮೂರು. ಅದೂ ಒಂದೇ ಸಮ ಅಲ್ಲ. ಐದಾರು ಸೆಕೆಂಡು ತಳ್ಳಿ, ಆಫ್ ಮಾಡಿ, ದೋಣಿ ತೇಲಿಹೋಗಲಿ. ದನಿ ಬದಲಾಯಿತು ಅನ್ನುವಾಗಲೇ, ತೆಂಗಿನಕಾಯಿ ಆಗುವವರೆಗೆ ಕಾಯದೆ, ಹಿಂದಕ್ಕೆ ಹಾಕಿ ಎರಡು ಸೆಕೆಂಡು ತಿರುಗಿಸಿ. ಹೊಸದಾಗಿ ಸುತ್ತಿದ್ದು ಬಿಚ್ಚಿಕೊಳ್ಳುತ್ತದೆ. ಹಳೆಯದು ಬಿಚ್ಚುವುದಿಲ್ಲ, ಅದಕ್ಕೆ ಕೈಯೇ ಗತಿ.

ಕೈ ಹಾಕುವ ಮೊದಲು ಬ್ಯಾಟರಿಯ ವೈರ್ ತೆಗೆಯಿರಿ. ಸ್ವಿಚ್ ಆಫ್ ಮಾಡಿದ್ದೇನೆ ಅನ್ನುವುದು ಸಾಲದು, ವೈರನ್ನೇ ತೆಗೆಯಿರಿ. ಮೊಣಕಾಲು ಹಿಡಿಕೆಗೆ ತಾಗಿ ಫ್ಯಾನು ತಿರುಗಿ ನನ್ನ ಎಡಗೈಯ ಕಿರುಬೆರಳಿಗೆ ಐದು ಹೊಲಿಗೆ. ನಿಮ್ಮಲ್ಲಿ ಒಂದು ಪುಣ್ಯ, ನೀರಿಗೆ ಕೈ ಇಳಿಸುವ ಮುಂಚೆ ಮೊಸಳೆ ಇದೆಯಾ ಅಂತ ನೋಡಬೇಕಾಗಿಲ್ಲ.

ಕಳೆಗೆಂದೇ ಮಾಡಿದ ಫ್ಯಾನು ಬರುತ್ತದೆ: ಎರಡೇ ಎಲೆ, ಹಿಂದಕ್ಕೆ ಬಾಗಿದ್ದು, ಕುಡುಗೋಲಿನ ಬೆನ್ನಿನ ಹಾಗೆ. ಕಳೆ ಅದರ ಮೇಲೆ ಜಾರಿ ಹೋಗುತ್ತದೆ, ಎಲ್ಲವೂ ಅಲ್ಲ, ಮುಕ್ಕಾಲು ಪಾಲು. ನಿಮ್ಮದು ಮೂರೆಲೆಯದ್ದಾದರೆ ಖಂಡಿತ ಬದಲಾಯಿಸಿ. ನಿಮ್ಮ ಮಾಡೆಲ್ಲಿಗೆ ಕೂರುವುದನ್ನೇ ಕೇಳಿ ತನ್ನಿ. ಬಿಚ್ಚುವಾಗ ಒಂದು ನಟ್ಟು, ಒಂದು ವಾಷರ್, ಅಡ್ಡಕ್ಕೊಂದು ಸಣ್ಣ ಪಿನ್ನು ಬರುತ್ತದೆ. ಇದನ್ನು ಮನೆಯಲ್ಲೇ ಮಾಡಿ, ನೀರಿನ ಮೇಲೆ ಬೇಡ. ಬಿಚ್ಚಿದಾಗ ಹಿಂದೆ, ಆ ತಿರುಗುವ ಕಂಬಿಯ ಬುಡದಲ್ಲಿ ಗಾಳದ ದಾರ ಸುತ್ತಿದೆಯಾ ನೋಡಿ. ಕಳೆ ಮೋಟರನ್ನು ನಿಲ್ಲಿಸುತ್ತದೆ ಅಷ್ಟೇ. ದಾರ ಒಳಗಿನ ರಬ್ಬರ್ ಸೀಲನ್ನು ಕೊಯ್ದು ನೀರು ನುಗ್ಗಿಸುತ್ತದೆ, ಆಮೇಲೆ ಮೋಟರ್ ಗುಜರಿಗೆ.

ಕೊನೆಯದು. ಇದನ್ನು ಹೇಳಲಿಕ್ಕೇ ಇಷ್ಟು ಬರೆದದ್ದು. ಆ ಚಾಪೆಯೊಳಗೆ ಮೋಟರಿನಲ್ಲಿ ಹೋಗಲೇಬೇಡಿ. ಚಾಪೆಯ ಅಂಚಿನವರೆಗೆ ಮೋಟರ್, ಅಂಚಿಂದ ಒಳಗೆ ಗಳ. ನಮ್ಮೂರ ಪಂಚಗಂಗಾವಳಿ ಹೊಳೆಯಲ್ಲಿ ನನ್ನ ಮಾವ ಬಿದಿರ ಗಳ ಊರಿಕೊಂಡು ಇಳಿತದ ಹೊತ್ತಲ್ಲಿ ಮೊಣಕಾಲುದ್ದ ನೀರಲ್ಲಿ ದೋಣಿ ಒಯ್ಯುತ್ತಿದ್ದರು. ಕೆಸರಿನಲ್ಲಿ ಬರೀ ಗಳ ಹೂತುಹೋಗುತ್ತದೆ, ತುದಿಗೆ ಕವೆಯೋ ಹಲಗೆಯ ತುಂಡೋ ಬೇಕು. ಗಾಳಿ ನೋಡಿಕೊಳ್ಳಿ. ಗಾಳಿ ಬರುವ ಕಡೆಯಿಂದ ಹೋಗಿ ಮೋಟರ್ ಎತ್ತಿಬಿಟ್ಟರೆ ದೋಣಿ ಸದ್ದಿಲ್ಲದೆ ಕಳೆಯ ಮೇಲೆ ತಾನೇ ತೇಲುತ್ತದೆ. ಮೀನಿಗೂ ಗೊತ್ತಾಗುವುದಿಲ್ಲ. ಒಳಗೆ ಹೋಗಬೇಕು ಅನ್ನುವ ಆಸೆಯೂ ಸ್ವಲ್ಪ ಕಡಿಮೆ ಮಾಡಿ, ದೊಡ್ಡ ಬಾಸ್ ಮೀನು ಕಾಯುವುದು ಅಂಚಿನಲ್ಲೇ.

ಓಮನ ಮೊಮ್ಮಗ

ಗಂಗೊಳ್ಳಿಯವರು ಕರೆಂಟಿನ ಪಾಲು ನನಗೆ ಬಿಟ್ಟಿದ್ದಾರೆ, ಸಂತೋಷ. ಮೀನು ತಿನ್ನೋನೂ ಅಲ್ಲ, ಹಿಡಿಯೋನೂ ಅಲ್ಲ, ಆದರೆ ಮೋಟರು ಯಾರದ್ದಾದ್ರೂ ಮೋಟರೇ ಕಣ್ರೀ.

ಸ್ಪೀಡ್ ಐದಕ್ಕೆ ಏರಿಸಿದಾಗ ಏನಾಯ್ತು ಅಂದ್ರೆ: ಡಿಸಿ ಮೋಟರ್ ತಿರುಗ್ತಾ ತಿರುಗ್ತಾ ತಾನೇ ಒಂದು ಎದುರು ವೋಲ್ಟೇಜ್ ಹುಟ್ಟಿಸುತ್ತೆ, ಅದು ಬ್ಯಾಟರಿಯ ಕರೆಂಟನ್ನ ತಡೆದು ಹಿಡಿಯುತ್ತೆ. ಕಳೆ ಸುತ್ತಿ ತಿರುಗೋದು ನಿಧಾನ ಆದ್ರೆ ಆ ತಡೆ ಹೋಯ್ತು, ಕರೆಂಟ್ ನುಗ್ಗುತ್ತೆ. ಕರೆಂಟ್ ಎರಡರಷ್ಟಾದ್ರೆ ಒಳಗಿನ ಬಿಸಿ ನಾಲ್ಕರಷ್ಟು. ಪೂರ್ತಿ ನಿಂತುಹೋದ ಮೋಟರಿಗೆ ಐದನೇ ಸ್ಪೀಡ್ ಕೊಟ್ಟು ಹಿಡ್ಕೊಂಡಿದ್ರೆ ಅದು ಮೋಟರ್ ಅಲ್ಲ, ನೀರು ಕಾಯಿಸೋ ಕಾಯಿಲ್. ಅಂದಹಾಗೆ ಈ ಯಂತ್ರದ ವಂಶವೇ ಹಾಗೆ: 1934ರಲ್ಲಿ ನಿಮ್ಮ ಪಕ್ಕದ ರಾಜ್ಯದ ಫಾರ್ಗೋದಲ್ಲಿ ಒಬ್ರು ಫೋರ್ಡ್ ಮಾಡೆಲ್ ಎ ಕಾರಿನ ಸ್ಟಾರ್ಟರ್ ಮೋಟರ್ ಕಿತ್ತು, ಅದಕ್ಕೆ ಕಂಬಿ, ಪ್ರೊಪೆಲ್ಲರ್ ಸಿಗಿಸಿ ಮೊದಲನೇದು ಮಾಡಿದ್ದು. ಕಾರಿನ ಸ್ಟಾರ್ಟರ್ ಅರ್ಧ ನಿಮಿಷ ಹಿಡ್ಕೊಂಡ್ರೆ ಏನಾಗುತ್ತೆ ಗೊತ್ತಲ್ಲ.

30 ಪೌಂಡಿನದ್ದು ಪೂರ್ತಿ ಸ್ಪೀಡಲ್ಲಿ ಸುಮಾರು 30 ಆಂಪಿಯರ್ ಎಳೆಯುತ್ತೆ, 55ರದ್ದು 50ರ ಹತ್ತಿರ. ಲೆಡ್ ಆ್ಯಸಿಡ್ ಬ್ಯಾಟರೀಲಿ ಅರ್ಧಕ್ಕಿಂತ ಹೆಚ್ಚು ಬಳಸಿದ್ರೆ ಅದರ ಆಯುಸ್ಸು ಹೋಗುತ್ತೆ. ಅದರ ಮೇಲೆ, ಜೋರಾಗಿ ಎಳೆದಷ್ಟೂ ಅದು ಕೊಡೋದು ಕಮ್ಮಿ. 55 ಹಾಕಿದ್ರೆ ಅದೇ ಬ್ಯಾಟರಿ ಎಂಟನೇ ಸಲ ಅಲ್ಲ, ನಾಲ್ಕನೇ ಸಲಕ್ಕೇ ಕೈಕೊಡ್ತಿತ್ತು. ದುಡ್ಡು ಹಾಕ್ಲೇಬೇಕು ಅನ್ನಿಸಿದ್ರೆ 100 ಆಂಪಿಯರ್ ಅವರ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗೆ ಹಾಕಿ. ತೂಕ ಅರ್ಧ, ಬಳಕೆಗೆ ಸಿಗೋದು ಹೆಚ್ಚುಕಮ್ಮಿ ಎರಡರಷ್ಟು. ತೂಕ ಇಳಿದ್ರೆ ದೋಣೀನೂ ಮೇಲೇಳುತ್ತೆ. ಚಾರ್ಜರ್ ಮಾತ್ರ ಅದಕ್ಕೆ ಹೊಂದೋದೇ ಬೇಕು, ಹಳೇದು ನಡೆಯಲ್ಲ.

ಬ್ಯಾಟರಿ ಮುಂದಕ್ಕೆ ದಾಟಿಸಿ, ಆದ್ರೆ ಮನೇಲಿ ಬಿದ್ದಿರೋ ತೆಳ್ಳನೆ ವೈರ್ ಜೋಡಿಸ್ಬೇಡಿ ಸಾರ್. 10 ಗೇಜ್ ವೈರಲ್ಲಿ ಹದಿನೈದು ಅಡಿ ಅಂದ್ರೆ ಹೋಗೋದು ಬರೋದು ಸೇರಿ ಮೂವತ್ತಡಿ. ಅದರಲ್ಲಿ 30 ಆಂಪಿಯರ್ ಹರಿದ್ರೆ ದಾರೀಲೇ ಒಂದು ವೋಲ್ಟಿನ ಹತ್ತಿರ ಖರ್ಚು. 6 ಗೇಜ್ ತನ್ನಿ, ಗೇಜ್ ನಂಬರ್ ಕಮ್ಮಿ ಆದಷ್ಟೂ ವೈರ್ ದಪ್ಪ. ಬ್ಯಾಟರಿಯ ಪಾಸಿಟಿವ್ ಪಕ್ಕದಲ್ಲೇ, ಗೇಣುದ್ದದೊಳಗೆ, 50 ಆಂಪಿಯರಿನ ಸರ್ಕ್ಯೂಟ್ ಬ್ರೇಕರ್ ಕೂರಿಸಿ. ಕಳೆ ಸುತ್ತಿ ಮೋಟರ್ ನಿಂತಾಗ ಅದು ಬೀಳುತ್ತೆ. ಗಂಗೊಳ್ಳಿಯವರ ಕಿರುಬೆರಳಿನ ಸಮಸ್ಯೆಗೂ ಅದೇ ಸ್ವಿಚ್ಚು.

ಇನ್ನೊಂದು. ಐದು ಹಂತದ ಮೋಟರ್‌ಗಳಲ್ಲಿ ಸಾಮಾನ್ಯವಾಗಿ ಕೆಳಗಿನ ಸ್ಪೀಡು ಬರೋದು ಒಂದು ಕಾಯಿಲ್ ಮೂಲಕ ಕರೆಂಟನ್ನ ಬಿಸಿ ಮಾಡಿ ಚೆಲ್ಲೋದ್ರಿಂದ. ಅದರಿಂದ ಎರಡರಲ್ಲಿ ಓಡಿಸಿದ್ರೆ ನೀವು ಅಂದ್ಕೊಂಡಷ್ಟು ಉಳಿತಾಯ ಆಗಲ್ಲ. ಆದ್ರೂ ಐದಕ್ಕಿಂತ ವಾಸಿ.

ಕೆರೆ_ಏರಿ

ಅಣ್ಣಂದಿರಾ, ನಾನು ತುಮಕೂರು ಕಡೆಯವ್ನು. ನಮ್ಮೂರ ಕೆರೆ ತುಂಬ ಅಂತರಗಂಗೆ. ಮೀನಿನ ಗುತ್ತಿಗೆ ಹಿಡಿದವರು ತೆಪ್ಪ ಹಾಕೋಕೂ ಆಗ್ತಿಲ್ಲ. ಈ ಮೋಟರ್ ತರಿಸಿದ್ರೆ ಕೆಲಸಕ್ಕೆ ಬರುತ್ತಾ?

ಗಂಗೊಳ್ಳಿ_ಗಾಳ

ಇಲ್ಲ ತಮ್ಮಾ. ಅಂತರಗಂಗೆ ತಳದಲ್ಲಿ ಬೇರೂರುವುದಲ್ಲ, ಮೇಲೆ ತೇಲುವ ಗಿಡ. ಒಂದಕ್ಕೊಂದು ಹೆಣೆದುಕೊಂಡು ಕಂಬಳಿ ಆಗಿರುತ್ತದೆ, ಕೆಳಗೆ ಬೇರಿನ ಜಟೆ. ಅದರಲ್ಲಿ ಫ್ಯಾನು ನಾಲ್ಕು ಸುತ್ತೂ ತಿರುಗುವುದಿಲ್ಲ. ಅದನ್ನು ಎಳೆದು ದಡಕ್ಕೆ ಹಾಕುವುದೊಂದೇ ದಾರಿ. ಕೆರೆಗೆ ಚರಂಡಿ ನೀರು ಬರುವುದು ನಿಲ್ಲದಿದ್ದರೆ ಎಳೆದದ್ದೂ ವ್ಯರ್ಥ, ಅದಕ್ಕೆ ಅದೇ ಗೊಬ್ಬರ. ಹಗ್ಗ ಕಟ್ಟಿ ಒಂದು ಮೂಲೆಯನ್ನು ತೆರೆದಿಟ್ಟುಕೊಂಡು ಅಲ್ಲಿಂದ ಬಲೆ ಬಿಡುವವರನ್ನು ನೋಡಿದ್ದೇನೆ. ಮೋಟರಿನ ದುಡ್ಡು ಉಳಿಸಿ.

ಸಾಗರದವ

ಎರಡು ವಾರ ಆದಮೇಲೆ ಬರೀತಿದ್ದೇನೆ. ಎಲ್ಲರಿಗೂ ಥ್ಯಾಂಕ್ಸ್.

55 ತಗೊಳ್ಳಲಿಲ್ಲ. ಎರಡೆಲೆಯ ಫ್ಯಾನು ತಂದೆ. ಹಳೆಯದು ಬಿಚ್ಚಿದರೆ ಗಂಗೊಳ್ಳಿಯವರು ಹೇಳಿದ ಹಾಗೇ ಹಿಂದೆ ದಾರ, ಎರಡು ಬಣ್ಣದ್ದು. ಒಂದು ನಂದು, ಇನ್ನೊಂದು ನನಗೆ ಮಾರಿದವನದ್ದಿರಬೇಕು. ಸೀಲ್ ಉಳಿದಿದೆ. 6 ಗೇಜ್ ವೈರ್, ಬ್ರೇಕರ್ ಹಾಕಿ ಬ್ಯಾಟರಿ ಮುಂದಕ್ಕೆ ದಾಟಿಸಿದೆ. ದೋಣಿ ನೀರಿಗಿಳಿಸಿದ ತಕ್ಷಣ ವ್ಯತ್ಯಾಸ ಕಂಡಿತು, ಮೂತಿ ಎತ್ತಿಕೊಂಡು ಜಂಬ ಮಾಡೋದು ನಿಂತಿದೆ.

ಗಳದ ವಿಷಯ ಅಪ್ಪನಿಗೆ ಓದಿ ಹೇಳಿದೆ. "ನಾನು ಹೇಳಿದ್ರೆ ಕೇಳ್ತಿರ್ಲಿಲ್ಲ, ಕಂಪ್ಯೂಟ್ರು ಹೇಳಿದ್ರೆ ಕೇಳ್ತೀಯ" ಅಂದರು. ಅವರು ಹೇಳೇ ಇರಲಿಲ್ಲ! ಬಿದಿರು ಇಲ್ಲೆಲ್ಲಿ ಸಿಗಬೇಕು. ಹಾರ್ಡ್‌ವೇರ್ ಅಂಗಡಿಗೆ ಹೋಗಿ, ಬೀರುವಿನಲ್ಲಿ ಬಟ್ಟೆ ನೇತುಹಾಕೋ ದುಂಡನೆ ಮರದ ಕೋಲು, ಹತ್ತಡಿಯದ್ದು, ಆರಿಸಿ ತಂದರು. ಅಂಗಡೀಲಿ ಒಂದೊಂದೇ ಕೋಲನ್ನ ಕಣ್ಣಿಗೆ ಹಿಡಿದು ಡೊಂಕು ನೋಡಿದ್ದು ಕಾಲು ಗಂಟೆ. ತುದಿಗೆ ಪ್ಲೈವುಡ್ಡಿನ ತ್ರಿಕೋನ ಹೊಡೆದು, ಕೆಸರಿಗೆ ಕಚ್ಚಿಕೊಳ್ಳದ ಹಾಗೆ ಅದರಲ್ಲಿ ಎರಡು ತೂತು ಕೊರೆದರು. ತೂತು ಯಾಕೆ ಅಂದರೆ, ಇಲ್ಲದಿದ್ರೆ ಕೆಸರು ಹೀರಿಕೊಂಡು ಬಿಡೋದಿಲ್ಲವಂತೆ.

ಶನಿವಾರ ಗಾಳಿ ಪಶ್ಚಿಮದಿಂದ ಇತ್ತು. ಅಂಚಿನವರೆಗೆ ಎರಡನೇ ಸ್ಪೀಡು, ತಳ್ಳು-ನಿಲ್ಲಿಸು, ತಳ್ಳು-ನಿಲ್ಲಿಸು. ದನಿ ಬದಲಾದಾಗ ರಿವರ್ಸ್. ಮೂರು ಗಂಟೇಲಿ ಎರಡೇ ಸಲ ಕೈ ಹಾಕಬೇಕಾಯ್ತು. ಒಳಗೆ ಹೋಗೋಕೆ ಅಪ್ಪ ಎದ್ದು ನಿಂತು ಗಳ ಹಿಡಿದರು. ಎಪ್ಪತ್ತೊಂದು ವರ್ಷ, ಲೈಫ್ ಜಾಕೆಟ್ ಹಾಕಿ ಅಂತ ಗೋಗರೆದು ಹಾಕಿಸಿದೆ. ಬ್ಲೂಗಿಲ್ ಮೀನು ಒಂಬತ್ತು ಬಂತು, ಬಾಸ್ ಒಂದು, ಅದನ್ನ ಬಿಟ್ಟುಬಿಟ್ಟೆ. ಬಿಟ್ಟಿದ್ದಕ್ಕೆ ಅಪ್ಪ ರಾತ್ರಿ ಊಟದವರೆಗೂ ಮಾತಾಡಲಿಲ್ಲ.

ವಾಪಸ್ ಬಂದಾಗ ದೋಣಿ ಎತ್ತೋ ಜಾಗದಲ್ಲಿ ತಪಾಸಣೆಯ ಹುಡುಗಿ ನಿಂತಿದ್ದಳು. ಇಲ್ಲಿ ಗಾಡಿಯಲ್ಲಿ ಕೆರೆಯ ಕಳೆ ಸಾಗಿಸೋದೇ ಅಪರಾಧ. ದೋಣಿ ತಳದ ಬಿರಡೆ ಕಿತ್ತು ನೀರೆಲ್ಲ ಸುರಿದೇ ರಸ್ತೆಗೆ ಹೋಗಬೇಕು. 2010ರಿಂದ ಈ ಕೆರೇಲಿ, ದೋಣಿಗೆ ಅಂಟಿಕೊಂಡು ಬೇರೆ ಕೆರೆಗಳಿಗೆ ಹರಡೋ ಜೀಬ್ರಾ ಚಿಪ್ಪುಹುಳನೂ (ಜೀಬ್ರಾ ಮಸಲ್) ಇರೋದ್ರಿಂದ ಅವರು ಬಹಳ ಕಟ್ಟುನಿಟ್ಟು. ಮೋಟರ್ ಸ್ವಚ್ಛ ಮಾಡಿದ್ದೆ, ಟ್ರೈಲರಿನ ಅಚ್ಚಿಗೆ ಸುತ್ತಿದ್ದು ನೋಡಿರಲಿಲ್ಲ. ಅವಳು ತೋರಿಸಿದಳು, ಅಪ್ಪ ಬಗ್ಗಿ ಬಿಡಿಸಿದರು. ದೋಣಿಯ ನೋಂದಣಿ ನಂಬರನ್ನೂ ನೋಡಿದಳು. ಬ್ಯಾಟರಿ ಮೋಟರಿಗೂ ಇಲ್ಲಿ ನೋಂದಣಿ ಬೇಕು, ಹೊಸಬರು ನೆನಪಿಟ್ಟುಕೊಳ್ಳಿ.

ಈಗ ಇನ್ನೊಂದು ಪ್ರಶ್ನೆ. ಎರಡನೇ ಸಲ ಕಳೆ ಬಿಡಿಸುವಾಗ ಒಳಗೆ ಇನ್ನೂ ಸ್ವಲ್ಪ ಇದೆ ಅನ್ನಿಸಿ ಫ್ಯಾನನ್ನೇ ಬಿಚ್ಚಿದೆ. ಪಿನ್ನು ಕೈಯಲ್ಲಿ ಉಳಿಯಿತು, ವಾಷರ್ ದೋಣಿಯೊಳಗೆ ಬಿತ್ತು. ನಟ್ಟು ಎರಡಡಿ ನೀರಲ್ಲಿದೆ, ಜಾಗ ಗೊತ್ತು, ಸಿಗೋದಿಲ್ಲ. ಆಮೇಲೆ ವಾಪಸ್ ಪೂರ್ತಿ ಗಳದಲ್ಲೇ ಬಂದೆವು. ಬರೀ ನಟ್ಟು ಬಿಡಿಯಾಗಿ ಸಿಗುತ್ತಾ, ಇಲ್ಲ ಇಡೀ ಕಿಟ್ ತಗೋಬೇಕಾ?

ಗಂಗೊಳ್ಳಿ_ಗಾಳ

ಫ್ಯಾನು ಬಿಚ್ಚುವುದು ಮನೆಯಲ್ಲೇ ಅಂತ ಬರೆದಿದ್ದೆ.

ನಟ್ಟು, ವಾಷರ್, ಪಿನ್ನು ಸೇರಿ ಸಣ್ಣ ಪೊಟ್ಟಣ ಸಿಗುತ್ತದೆ, ಮಾಡೆಲ್ ನಂಬರ್ ಹೇಳಿ ಕೇಳಿ. ಎರಡು ತಗೊಳ್ಳಿ. ಒಂದನ್ನು ತಂದೆಯವರ ಕೈಯಲ್ಲಿ ಕೊಡಿ. ಮತ್ತೆ ಆ ಪ್ಲೈವುಡ್ಡಿನ ತೂತು ಎಷ್ಟು ದೊಡ್ಡದು ಅಂತ ಅವರನ್ನು ಕೇಳಿ ಹೇಳುತ್ತೀರಾ? ನನ್ನ ಗಳ ಹನ್ನೆರಡು ವರ್ಷದಿಂದ ಕೆಸರಿಗೆ ಕಚ್ಚಿಕೊಳ್ಳುತ್ತಿದೆ.

ಸಾಗರದವ

ಕೇಳಿದೆ. ಹೆಬ್ಬೆರಳು ಹೋಗುವಷ್ಟು. ಎರಡೂ ಅಕ್ಕಪಕ್ಕ ಬೇಡ, ಮೇಲೊಂದು ಕೆಳಗೊಂದು ಅಂತೆ.